ಎಣ್ಣೆಯ ಹಡಗು ಬಾರದಿದ್ದಾಗ

1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ದುಪ್ಪಟ್ಟಾಯಿತು. ಕೊಳ್ಳೋಣವೆಂದರೆ ನಮ್ಮ ಸರ್ಕಾರದ ಕೈಯಲ್ಲಿ ಡಾಲರು ಇರಲಿಲ್ಲ. ಮರುವರ್ಷ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನಕ್ಕೇರಿಸಿ ಲಂಡನ್ನಿಗೆ ಕಳಿಸಿ, ಅಡವಿಟ್ಟು ಸಾಲ ತಂದಿತು. ಮನೆಯವರ ಬಳೆ ಅಡವಿಟ್ಟು ಬಿತ್ತನೆ ಬೀಜ ತಂದವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ನಮ್ಮ ಪೆಟ್ರೋಲ್ ಬಂಕುಗಳು ಪೂರಾ ಬರಿದಾಗಲಿಲ್ಲ. ಸೀಮೆಎಣ್ಣೆಯ ಸರತಿ ಉದ್ದವಾಯಿತು, ಸಾಮಾನುಗಳ ಬೆಲೆ ಏರಿತು, ಹಾಗೂ ಹೀಗೂ ಹೊಳೆ ದಾಟಿಕೊಂಡೆವು.

ಅದೇ ಹೊತ್ತಿನಲ್ಲಿ ಭೂಮಿಯ ಆಚೆ ಮಗ್ಗುಲಿನ ಒಂದು ದೇಶ ಇದಕ್ಕಿಂತ ದೊಡ್ಡ ಹೊಳೆಯಲ್ಲಿ ಸಿಕ್ಕಿಕೊಂಡಿತ್ತು. ಅದು ಕ್ಯೂಬಾ. ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದಾದ ದ್ವೀಪ, ಒಂದು ಕೋಟಿ ಚಿಲ್ಲರೆ ಜನ. ಅವರಿಗೆ ಸಾಲ ಕೊಡುವವರೂ ಇರಲಿಲ್ಲ, ಏಕೆಂದರೆ 1986ರಲ್ಲೇ ಹಳೆಯ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಪಕ್ಕದ ಮನೆಯ ಅಮೆರಿಕವಂತೂ ಅರವತ್ತರ ದಶಕದಿಂದಲೇ ವ್ಯಾಪಾರದ ಬಾಗಿಲು ಮುಚ್ಚಿತ್ತು. 'ಎಣ್ಣೆ ಸಿಗದಿದ್ದರೆ ವ್ಯಾಪಾರ ಏನಾದೀತು, ಊರು ಏನಾದೀತು' ಎಂದು ನಾವೆಲ್ಲ ಆಗಾಗ ಕೇಳಿಕೊಳ್ಳುತ್ತೇವಲ್ಲ, ಒಂದು ಇಡೀ ದೇಶ ಆ ಪರೀಕ್ಷೆಗೆ ಕೂರಬೇಕಾಗಿ ಬಂದ ಉದಾಹರಣೆ ಅಲ್ಲಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ಕಥೆಯನ್ನು ಹೇಳುವವರಲ್ಲಿ ಎರಡು ಪಂಗಡವಿದೆ. ಒಂದು ಪಂಗಡಕ್ಕೆ ಅದು ಸಾವಯವದ ಸ್ವರ್ಗ, ಇನ್ನೊಂದಕ್ಕೆ ಬರೀ ನರಕ. ಎರಡರಲ್ಲೂ ಅರ್ಧರ್ಧವೇ ನಿಜ.

ಮೊದಲು ಎಣ್ಣೆ ಎಲ್ಲಿಂದ ಬರುತ್ತಿತ್ತು ನೋಡಿ. ಕ್ಯೂಬಾ ಸಕ್ಕರೆ ಕೊಡುತ್ತಿತ್ತು, ಸೋವಿಯತ್ ಒಕ್ಕೂಟ ಎಣ್ಣೆ ಕೊಡುತ್ತಿತ್ತು. ಸಕ್ಕರೆಗೆ ಮಾರುಕಟ್ಟೆಯ ಹಲವು ಪಟ್ಟು ಬೆಲೆ ಕಟ್ಟುವುದು ಸೋವಿಯತ್ತಿನ ಔದಾರ್ಯ, ಅದರ ಹಿಂದೆ ರಾಜಕೀಯವೂ ಇತ್ತೆನ್ನಿ. ಹೀಗೆ ಬಂದ ಎಣ್ಣೆ ಎಷ್ಟು ಧಾರಾಳವಾಗಿತ್ತೆಂದರೆ ಎಂಬತ್ತರ ದಶಕದ ನಡುವಿನಲ್ಲಿ ಕ್ಯೂಬಾ ಅದರಲ್ಲೇ ಒಂದಿಷ್ಟನ್ನು ಬೇರೆಯವರಿಗೆ ಮಾರಿ ಡಾಲರು ಸಂಪಾದಿಸುತ್ತಿತ್ತು! ಅಗ್ಗದ ಎಣ್ಣೆ ಇದ್ದಮೇಲೆ ಕೇಳಬೇಕೆ? ಬೇಸಾಯವೆಲ್ಲ ಟ್ರ್ಯಾಕ್ಟರಿನ ಮೇಲೆ ನಡೆಯಿತು. ದೇಶದ ಸುಮಾರು ಮುಕ್ಕಾಲು ಸಾಗುವಳಿ ಜಮೀನು ಸರ್ಕಾರದ ದೊಡ್ಡ ದೊಡ್ಡ ಫಾರ್ಮುಗಳಲ್ಲಿತ್ತು. ಎತ್ತ ನೋಡಿದರೂ ಕಬ್ಬು. ಅನ್ನದ ಅಕ್ಕಿ, ರೊಟ್ಟಿಯ ಗೋಧಿ, ಕೋಳಿಯ ಮೇವು ಎಲ್ಲ ಹಡಗಿನಲ್ಲಿ ಬರುತ್ತಿತ್ತು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಹಡಗು ಬರುತ್ತಿರಬೇಕು, ಅಷ್ಟೆ.

1989ರಲ್ಲಿ ಸುಮಾರು 130 ಲಕ್ಷ ಟನ್ ಎಣ್ಣೆ ಬಂದಿತ್ತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಲ್ಲಿ ಬಂದದ್ದು ಅದರ ಅರ್ಧದಷ್ಟೂ ಇರಲಿಲ್ಲ. ರಸಗೊಬ್ಬರ ನಾಲ್ಕನೇ ಒಂದರಷ್ಟಕ್ಕೆ ಇಳಿಯಿತು. 1993ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನ ಮೂರನೇ ಒಂದರಷ್ಟು ಕುಸಿದಿತ್ತು. ಕಾಸ್ಟ್ರೊ ಸರ್ಕಾರ 1990ರಲ್ಲೇ ಇದಕ್ಕೆ 'ಶಾಂತಿಕಾಲದ ವಿಶೇಷ ಅವಧಿ' ಎಂದು ಹೆಸರಿಟ್ಟಿತ್ತು. ಯುದ್ಧವಿಲ್ಲದೆ ಯುದ್ಧಕಾಲದ ಪಡಿತರ ಎಂದು ಅದರ ಅರ್ಥ. ದಿನಕ್ಕೆ ಹತ್ತು ಹನ್ನೆರಡು ತಾಸು ಕರೆಂಟು ಇರುತ್ತಿರಲಿಲ್ಲ. ಕತ್ತಲೆಯೇ ಮಾಮೂಲಾದ್ದರಿಂದ ಹವಾನಾದ ಜನ ಕರೆಂಟು ಬಂದ ಗಳಿಗೆಗೆ ಹೊಸದೊಂದು ಪದ ಹುಟ್ಟಿಸಿಕೊಂಡು ನಗುತ್ತಿದ್ದರಂತೆ.

ಎಣ್ಣೆಯ ಕೊರತೆ ಯಾವ ಉದ್ಯೋಗವನ್ನು ಮೊದಲು ಹಿಡಿಯುತ್ತದೆ? ಬಸ್ಸು ಲಾರಿ ಎಂದು ಯಾರಾದರೂ ಹೇಳಿಯಾರು. ಸಕ್ಕರೆ ಕಾರ್ಖಾನೆಯ ವಿಚಾರ ಮಾತ್ರ ಸ್ವಾರಸ್ಯದ್ದು. ಮಂಡ್ಯದ ಕಡೆಯವರಿಗೆ ಗೊತ್ತಿದೆ, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಕಬ್ಬಿನ ಸಿಪ್ಪೆಯೇ ಉರುವಲು. ಹೊರಗಿನ ಎಣ್ಣೆ ಅದಕ್ಕೆ ಹೆಚ್ಚು ಬೇಡ. ಹಾಗಿದ್ದರೆ ಕ್ಯೂಬಾದ ಸಕ್ಕರೆ ಉಳಿಯಬೇಕಿತ್ತಲ್ಲ? ಉಳಿಯಲಿಲ್ಲ. ಕಬ್ಬು ಕಡಿಯಲು ಅಲ್ಲಿ ದೊಡ್ಡ ಯಂತ್ರಗಳಿದ್ದವು, ಅವಕ್ಕೆ ಡೀಸೆಲ್ ಬೇಕು. ಕಡಿದ ಕಬ್ಬನ್ನು ಸಾಗಿಸಲು ಡೀಸೆಲ್ ಬೇಕು. ಗದ್ದೆಗೆ ಯೂರಿಯಾ ಬೇಕು, ಯಂತ್ರ ಕೆಟ್ಟರೆ ಸೋವಿಯತ್ತಿನ ಬಿಡಿಭಾಗ ಬೇಕು. 1990ರಲ್ಲಿ 80 ಲಕ್ಷ ಟನ್ನಿನಷ್ಟಿದ್ದ ಸಕ್ಕರೆ 1993ರಲ್ಲಿ 43 ಲಕ್ಷ ಟನ್ನಿನ ಆಸುಪಾಸಿಗೆ ಬಿತ್ತು. ಸಕ್ಕರೆ ಇಲ್ಲದೆ ಎಣ್ಣೆ ಇಲ್ಲ, ಎಣ್ಣೆ ಇಲ್ಲದೆ ಸಕ್ಕರೆ ಇಲ್ಲ ಎಂಬಂತಾಯಿತು.

ಯೂರಿಯಾ ಎಂದೆನಲ್ಲ, ಅದರ ಬಗ್ಗೆ ಎರಡು ಮಾತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಗಿಡ ಅದನ್ನು ನೇರವಾಗಿ ತಿನ್ನಲಾರದು. ಕಾರ್ಖಾನೆಯಲ್ಲಿ ಅದನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡಬೇಕು, ಅಮೋನಿಯಾದಿಂದ ಯೂರಿಯಾ. ಆ ಜಲಜನಕ ಬರುವುದು ಬಹುಪಾಲು ನೈಸರ್ಗಿಕ ಅನಿಲದಿಂದ, ಇಲ್ಲವೇ ನಾಫ್ತಾದಂಥ ತೈಲದ ಉಪವಸ್ತುವಿನಿಂದ. ಎಂದರೆ ನಾವು ಗದ್ದೆಗೆ ಎರಚುವ ಬಿಳಿ ಕಾಳು ಒಂದು ರೀತಿಯಲ್ಲಿ ಘನರೂಪದ ಗ್ಯಾಸು. ಎಣ್ಣೆಯ ಕೊರತೆ ರೈತನ ಮನೆಗೆ ಟ್ರ್ಯಾಕ್ಟರಿನ ಬಾಗಿಲಿನಿಂದ ಬರುವುದು ಕಾಣುತ್ತದೆ. ಗೊಬ್ಬರದ ಚೀಲದಲ್ಲಿ ಕೂತು ಬರುವುದು ಕಾಣುವುದಿಲ್ಲ.

ಇನ್ನು ಹೊಟ್ಟೆಯ ವಿಷಯ. ಅದನ್ನು ಹಾರಿಸಿ ತರಕಾರಿ ಮಡಿಗಳ ಚೆಂದ ಹೇಳುವುದು ನನಗೆ ಸರಿ ಕಾಣುವುದಿಲ್ಲ. 1992ರ ಆರಂಭದಲ್ಲಿ ಕ್ಯೂಬಾದ ಪಶ್ಚಿಮ ತುದಿಯ ತಂಬಾಕು ಸೀಮೆ ಪಿನಾರ್ ಡೆಲ್ ರಿಯೊದಲ್ಲಿ ಜನರ ಕಣ್ಣು ಮಂಜಾಗತೊಡಗಿತು. ಅಕ್ಷರ ಕಾಣದು, ಬಣ್ಣ ತಿಳಿಯದು. ಕೆಲವರಿಗೆ ಕೈಕಾಲು ಉರಿ, ಜೋಮು. ವರ್ಷ ಕಳೆಯುವಷ್ಟರಲ್ಲಿ ರೋಗ ದೇಶಕ್ಕೆಲ್ಲ ಹಬ್ಬಿ 50,000ಕ್ಕೂ ಹೆಚ್ಚು ಜನರನ್ನು ಹಿಡಿಯಿತು. ವೈರಸ್ಸೇ, ವಿಷವೇ ಎಂದು ಹುಡುಕಿದರು. ಕೊನೆಗೆ ಬಹುಮಟ್ಟಿಗೆ ಕೈ ತೋರಿಸಿದ್ದು ಬಿ ಗುಂಪಿನ ವಿಟಮಿನ್ನುಗಳ ಕೊರತೆಯ ಕಡೆಗೆ. ಮಾಂಸ, ಹಾಲು, ಕಾಳು ತಟ್ಟೆಯಿಂದ ಮಾಯವಾಗಿದ್ದವು. ಉಳಿದಿದ್ದದ್ದು ಸಕ್ಕರೆ. ಸಕ್ಕರೆ ನೀರು ಕುಡಿದು ಕೆಲಸಕ್ಕೆ ಹೋಗುವವರಿದ್ದರು. ಪಿಷ್ಟ, ಸಕ್ಕರೆಗಳನ್ನು ದೇಹ ಉರಿಸಿಕೊಳ್ಳಬೇಕಾದರೆ ಥಯಾಮಿನ್, ಅಂದರೆ ಬಿ-1 ವಿಟಮಿನ್ ಬೇಕು. ಸಕ್ಕರೆ ಹೆಚ್ಚು ತಿಂದಷ್ಟೂ ಅದು ಹೆಚ್ಚು ಖರ್ಚಾಗುತ್ತದೆ. ಸಕ್ಕರೆಯಲ್ಲಾದರೋ ಅದು ಎಳ್ಳಷ್ಟೂ ಇಲ್ಲ. ಕೂಡಿಟ್ಟದ್ದು ಕರಗಿದಾಗ ಮೊದಲು ಸೋಲುವುದು ನರಗಳು. ತಂಬಾಕು ಸೇದುವವರಲ್ಲಿ ರೋಗ ಹೆಚ್ಚು ಕಂಡಿತು. 1993ರಲ್ಲಿ ಸರ್ಕಾರ ಇಡೀ ದೇಶಕ್ಕೆ, ಮನೆಮನೆಗೆ, ವಿಟಮಿನ್ ಮಾತ್ರೆ ಹಂಚಿತು. ರೋಗ ಇಳಿಯಿತು. ವೈದ್ಯರ ಜಾಲ ಚೆನ್ನಾಗಿದ್ದ ದೇಶವಾದ್ದರಿಂದ ಅಷ್ಟಕ್ಕೇ ಮುಗಿಯಿತು ಎನ್ನಬೇಕು.

ಜನ ಮೊದಲು ಹೊಂದಿಕೊಂಡದ್ದು ಓಡಾಟದಲ್ಲಿ. ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳು ಬಂದಿಳಿದವು. ಸೈಕಲ್ ತುಳಿದು ಅಭ್ಯಾಸವಿಲ್ಲದ ನಗರ ಅದು! ಹವಾನಾ ಬಂದರಿನ ಕೆಳಗೆ ಸುರಂಗ ರಸ್ತೆಯೊಂದಿದೆ, ಅದರಲ್ಲಿ ಸೈಕಲ್ ಬಿಡುವಂತಿಲ್ಲ. ಅದಕ್ಕೆ ಬಸ್ಸಿನ ಸೀಟು ಕಿತ್ತು, ಸೈಕಲ್ಲುಗಳನ್ನೂ ಸವಾರರನ್ನೂ ಒಟ್ಟಿಗೆ ತುಂಬಿ ದಾಟಿಸುತ್ತಿದ್ದರು. ಲಾರಿಯ ಎಂಜಿನ್ನಿಗೆ ಉದ್ದನೆಯ ಡಬ್ಬಿ ಜೋಡಿಸಿ ಒಂದೇ ಸಲಕ್ಕೆ 300 ಜನರನ್ನು ಎಳೆಯುವ ವಾಹನ ಮಾಡಿದರು. ಮುಂದೆ ಹಿಂದೆ ಉಬ್ಬಿ ನಡುವೆ ತಗ್ಗಾಗಿದ್ದ ಅದನ್ನು ಜನ 'ಒಂಟೆ' ಎಂದು ಕರೆದರು. ಹಳದಿ ಸಮವಸ್ತ್ರದವರು ರಸ್ತೆಯಲ್ಲಿ ನಿಂತು, ಸೀಟು ಖಾಲಿ ಇರುವ ಸರ್ಕಾರಿ ಕಾರುಗಳನ್ನು ತಡೆದು ಜನರನ್ನು ಹತ್ತಿಸುತ್ತಿದ್ದರು. ನಮ್ಮಲ್ಲಿ ಸಾಹೇಬರ ಜೀಪಿಗೆ ಹೀಗೆ ಕೈ ಅಡ್ಡ ಮಾಡುವ ಧೈರ್ಯ ಯಾರಿಗುಂಟು!

ಇದರ ಒಂದು ಅನಿರೀಕ್ಷಿತ ಫಲವನ್ನು ವೈದ್ಯರು ಆಮೇಲೆ ಲೆಕ್ಕ ಹಾಕಿದರು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ವರ್ಷಗಳಲ್ಲಿ ದೊಡ್ಡವರ ತೂಕ ಸರಾಸರಿ ಐದೂವರೆ ಕಿಲೋ ಇಳಿಯಿತು. ಅದರ ಹಿಂದೆಯೇ ಸಕ್ಕರೆ ಕಾಯಿಲೆಯ, ಹೃದಯದ ಕಾಯಿಲೆಯ ಸಾವುಗಳೂ ಕಡಿಮೆಯಾದವು. ಊಟ ಬಂದು ತೂಕ ಮರಳಿದಂತೆ ಸಕ್ಕರೆ ಕಾಯಿಲೆಯೂ ಮರಳಿತು. ಇದನ್ನು ಓದಿ 'ಬಡತನವೇ ಭಾಗ್ಯ' ಎಂದು ಬರೆದವರನ್ನು ಕಂಡಿದ್ದೇನೆ. ಅವರು ಹಿಂದಿನ ಪುಟದ ಕಣ್ಣಿನ ರೋಗವನ್ನು ಓದಿರಲಾರರು.

ಹೊಲಕ್ಕೆ ಎತ್ತು ಮರಳಿತು. ಟ್ರ್ಯಾಕ್ಟರುಗಳು ನಿಂತಲ್ಲೇ ತುಕ್ಕು ಹಿಡಿದಾಗ ಎತ್ತುಗಳನ್ನು ಕೊಯ್ದು ತಿನ್ನದಂತೆ ತಡೆದು, ಪಳಗಿಸಿ ನೊಗಕ್ಕೆ ಹೂಡಿದರು. ತೊಂಬತ್ತರ ದಶಕ ಮುಗಿಯುವುದರೊಳಗೆ ಉಳುವ ಎತ್ತುಗಳ ಸಂಖ್ಯೆ ಎರಡು ಪಟ್ಟು ಮೀರಿತು. ಎತ್ತು ಹೂಡುವುದನ್ನು ಬಲ್ಲ ಮುದುಕರನ್ನು ಹುಡುಕಿ ಹುಡುಗರಿಗೆ ಹೇಳಿಕೊಡಿಸಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಈಗ ಜೋಡೆತ್ತು ಹೂಡಬಲ್ಲ ಹುಡುಗರು ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿಕೊಳ್ಳಿ.

ಪಟ್ಟಣದ ಕಥೆ ಇನ್ನೂ ರುಚಿಯಾದದ್ದು. ಹವಾನಾ ಆಗ ಇಪ್ಪತ್ತು ಲಕ್ಷ ಮೀರಿದ ಜನರಿದ್ದ ನಗರ. ಹಳ್ಳಿಯಲ್ಲಿ ತರಕಾರಿ ಬೆಳೆದರೂ ತರಲು ಲಾರಿಗೆ ಡೀಸೆಲ್ ಇಲ್ಲ, ಕೆಡದಂತೆ ಇಡಲು ಕರೆಂಟಿಲ್ಲ. ಹಾಗಾದರೆ ತಿನ್ನುವವನ ಬಾಗಿಲಲ್ಲೇ ಬೆಳೆಯಬೇಕು. ಆದರೆ ನಗರದ ಖಾಲಿ ಜಾಗವೆಂದರೆ ಗೊತ್ತಲ್ಲ, ಇಟ್ಟಿಗೆ ಚೂರು, ಗಾರೆ, ಗಟ್ಟಿ ನೆಲ. ಅಲ್ಲಿ ನೇಗಿಲು ಇಳಿಯುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯದ ಹೆಸರು 'ಆರ್ಗನೊಪೋನಿಕೊ'. ಮಣ್ಣಿಲ್ಲದೆ ರಾಸಾಯನಿಕ ದ್ರಾವಣದಲ್ಲಿ ಗಿಡ ಬೆಳೆಸುವ ಹೈಡ್ರೊಪೋನಿಕ್ಸ್ ವಿಧಾನ ಅವರಲ್ಲಿ ಮೊದಲೇ ಇತ್ತು. ಅದಕ್ಕಾಗಿ ಕಟ್ಟಿದ ಕಾಂಕ್ರೀಟ್ ತೊಟ್ಟಿಗಳೂ ಇದ್ದವು. ದ್ರಾವಣಕ್ಕೆ ಬೇಕಾದ ಲವಣಗಳು ಹೊರದೇಶದಿಂದ ಬರುವುದು ನಿಂತಾಗ ಆ ತೊಟ್ಟಿಗಳಿಗೆ ಮಣ್ಣು ಮತ್ತು ಕೊಳೆತ ಗೊಬ್ಬರ ಬೆರೆಸಿ ತುಂಬಿದರು. ಮೊದಲು ಇದನ್ನು ಮಾಡಿ ನೋಡಿದ್ದು ಸೇನೆಯ ಆವರಣಗಳಲ್ಲಿ. ಆಮೇಲೆ ತೊಟ್ಟಿಯೂ ಬೇಕಿಲ್ಲ, ಕಲ್ಲೋ ಹೆಂಚೋ ಹಲಗೆಯೋ ಅಡ್ಡ ನಿಲ್ಲಿಸಿ ಮಡಿ ಏರಿಸಿದರಾಯಿತು ಎಂದು ತಿಳಿಯಿತು. ಸಕ್ಕರೆ ಕಾರ್ಖಾನೆಯ ಮಡ್ಡಿ, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹೀಗೆ ಹತ್ತಿರ ಸಿಕ್ಕಿದ್ದೆಲ್ಲ ಮಡಿಗೆ ಬಿತ್ತು.

ಗೊಬ್ಬರವಾಯಿತು, ಹುಳುವಿಗೇನು ಮಾಡುವುದು? ಕೀಟನಾಶಕವೂ ಎಣ್ಣೆಯ ಮನೆತನದ್ದೇ ತಾನೆ. ದೇಶದಾದ್ಯಂತ 200ಕ್ಕೂ ಹೆಚ್ಚು ಸಣ್ಣ ಕೇಂದ್ರಗಳಲ್ಲಿ ಹುಳುಗಳಿಗೆ ರೋಗ ತರುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನೂ, ಹುಳುವಿನ ಮೊಟ್ಟೆಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳನ್ನೂ ಬೆಳೆಸಿದರು. ಇವುಗಳಲ್ಲಿ ನನಗೆ ಇಷ್ಟವಾದದ್ದು ಇರುವೆಯ ಪ್ರಸಂಗ. ಗೆಣಸಿಗೆ ಒಂದು ಮೂತಿಹುಳುವಿನ ಕಾಟ. ಅದನ್ನು ಬೇಟೆಯಾಡುವ ದೊಡ್ಡ ತಲೆಯ ಇರುವೆಯೊಂದು ಬಾಳೆಯ ತೋಟಗಳಲ್ಲಿತ್ತು. ಬಾಳೆದಿಂಡಿನ ತುಂಡುಗಳಿಗೆ ಜೇನೋ ಸಕ್ಕರೆ ನೀರೋ ಸವರಿ ಇರುವೆಯ ಸೀಮೆಯಲ್ಲಿ ಇಟ್ಟು ಬರುತ್ತಿದ್ದರು. ಇರುವೆಗಳು ಸಂಸಾರ ಸಮೇತ ದಿಂಡಿನೊಳಗೆ ಬಿಡಾರ ಹೂಡಿದ ಮೇಲೆ ಆ ತುಂಡುಗಳನ್ನು ಒಯ್ದು ಗೆಣಸಿನ ಹೊಲದಲ್ಲಿ ಇಡುವುದು. ಬಿಸಿಲಿಗೆ ದಿಂಡು ಒಣಗುತ್ತದೆ, ಇರುವೆಗಳು ಕೆಳಗಿಳಿದು ಗೆಣಸಿನ ಬುಡದಲ್ಲಿ ಗೂಡು ಮಾಡುತ್ತವೆ. ಖರ್ಚು ಎಷ್ಟಾಯಿತು ಹೇಳಿ? ಇದು ಯಾವ ಹಡಗಿನಲ್ಲೂ ಬರಬೇಕಾದ ಸಾಮಾನಲ್ಲ.

ಇಷ್ಟು ಓದಿದವರು, ಕೊರತೆ ಬಂತು, ಜನ ಜಾಣರಾದರು, ಸ್ಥಳೀಯ ವ್ಯಾಪಾರ ಬೆಳೆಯಿತು ಎಂದುಕೊಂಡು ಮುಂದಿನ ಪುಟಕ್ಕೆ ಹೋಗಬಹುದು. ತಾರೀಖುಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ. ಎಣ್ಣೆ ಇಳಿಯತೊಡಗಿದ್ದು 1990ರಲ್ಲಿ. ಕಣ್ಣು ಮಂಜಾದದ್ದು 1992ರಲ್ಲಿ. ಹಸಿವು ಅತಿ ಹೆಚ್ಚಿದ್ದು 1993ರಲ್ಲಿ. ಕೊರತೆಯೇ ಗುರುವಾಗಿದ್ದರೆ ಈ ಮೂರು ವರ್ಷ ಅದು ಕಲಿಸಿದ್ದೇನು?

ಆ ಮೂರು ವರ್ಷ ಬೆಳೆದವನು ಬೆಳೆದದ್ದನ್ನು ಮಾರುವಂತಿರಲಿಲ್ಲ! ಸರ್ಕಾರದ ಖರೀದಿ ಕೇಂದ್ರಕ್ಕೇ ಕೊಡಬೇಕು, ಸರ್ಕಾರ ಗೊತ್ತು ಮಾಡಿದ ಬೆಲೆಗೇ ಕೊಡಬೇಕು. 1980ರಲ್ಲಿ ರೈತರ ಸಂತೆಗಳಿಗೆ ಒಮ್ಮೆ ಅನುಮತಿ ಕೊಟ್ಟು, ದಲ್ಲಾಳಿಗಳು ಕೊಬ್ಬಿದರೆಂದು 1986ರಲ್ಲಿ ಮುಚ್ಚಿಸಿದ್ದರು. ಹೀಗಾಗಿ ಒಂದು ಕಟ್ಟು ಸೊಪ್ಪು ಹೆಚ್ಚು ಬೆಳೆದವನು ಅದನ್ನು ಕತ್ತಲಲ್ಲಿ ಮಾರಬೇಕಿತ್ತು. ಕಾಳಸಂತೆಯಲ್ಲಿ ಡಾಲರಿಗೆ ನೂರು ಪೆಸೊ ದಾಟಿತ್ತು. ತಿಂಗಳ ಸಂಬಳಕ್ಕೆ ಎರಡು ಮೂರು ಡಾಲರು ಸಿಕ್ಕರೆ ಹೆಚ್ಚು.

1993ರ ಸೆಪ್ಟೆಂಬರಿನಲ್ಲಿ ಎರಡು ಆಜ್ಞೆಗಳು ಹೊರಟವು. ಒಂದು, ಸರ್ಕಾರಿ ಫಾರ್ಮುಗಳನ್ನು ಒಡೆದು ಕೆಲಸಗಾರರ ಸಹಕಾರ ಘಟಕಗಳಿಗೆ ವಹಿಸುವುದು. ಜಮೀನು ಸರ್ಕಾರದ್ದೇ, ಫಸಲು ಅವರದು. ಎರಡು, ನೂರಕ್ಕೂ ಹೆಚ್ಚು ಕಸುಬುಗಳನ್ನು ಸ್ವಂತವಾಗಿ ಮಾಡಲು ಜನರಿಗೆ ಬಿಡುವುದು. ಆದರೂ 1994ರ ಆಗಸ್ಟಿನಲ್ಲಿ ಹವಾನಾದ ಕಡಲತೀರದ ಬೀದಿಯಲ್ಲಿ ಜನ ಸಿಡಿದೆದ್ದರು. ಆ ಬೇಸಗೆಯಲ್ಲಿ 30,000ಕ್ಕೂ ಹೆಚ್ಚು ಮಂದಿ ಟ್ಯೂಬು, ಹಲಗೆ, ಡ್ರಮ್ಮು ಕಟ್ಟಿದ ತೆಪ್ಪಗಳಲ್ಲಿ ಅಮೆರಿಕದ ಕಡೆಗೆ ಹೊರಟರು. ಎಷ್ಟೋ ಜನ ದಡ ಮುಟ್ಟಲಿಲ್ಲ. ಅದಾದ ಮೇಲೆ, ಅಕ್ಟೋಬರ್ ಒಂದರಂದು, ರೈತರ ಸಂತೆಗಳನ್ನು ಮತ್ತೆ ತೆರೆದರು. ಕೋಟಾ ಒಪ್ಪಿಸಿ ಉಳಿದದ್ದನ್ನು ಚೌಕಾಸಿ ಬೆಲೆಗೆ ಮಾರಿಕೊಳ್ಳಿ ಎಂದರು. ಹವಾನಾದಲ್ಲಿ ಬೆಳೆಯುವವನಿಗೆ ಪಾಳುಬಿದ್ದ ಜಾಗ ಬಾಡಿಗೆಯಿಲ್ಲದೆ ಸಿಕ್ಕಿತು. ಬೆಳೆದ ಜಾಗದ ಮುಂದೆಯೇ ಅಂಗಡಿ. ಒಂದೆರಡು ವರ್ಷದಲ್ಲಿ ಡಾಲರಿನ ಕಾಳಸಂತೆ ದರ 30 ಪೆಸೊಗಿಂತ ಕೆಳಗಿಳಿಯಿತು. ಮಡಿ ಕಟ್ಟುವ ವಿದ್ಯೆ, ಇರುವೆಯ ವಿದ್ಯೆ ಎಲ್ಲ ಮೊದಲೇ ಇತ್ತು. ನಗರದಲ್ಲಿ ಸೊಪ್ಪಿನ ಮಡಿಗಳು ಸಾವಿರಗಟ್ಟಲೆ ಎದ್ದದ್ದು ಮಾರುವ ಹಕ್ಕು ಬಂದಮೇಲೆ.

ಹವಾನಾದ ಪೂರ್ವಕ್ಕೆ ಅಲಮಾರ್ ಎಂಬ ಬಡಾವಣೆಯಿದೆ. ಸಾಲು ಸಾಲು ಕಾಂಕ್ರೀಟ್ ವಠಾರಗಳು, ನೋಡಲು ಏನೂ ಚೆಂದವಿಲ್ಲ. ಅಲ್ಲಿ 1997ರಲ್ಲಿ ಬೆರಳೆಣಿಕೆಯ ಜನ ಒಂದು ತುಂಡು ಜಾಗದಲ್ಲಿ ಶುರು ಮಾಡಿದ ತೋಟ ಬೆಳೆಯುತ್ತ ಸುಮಾರು 25 ಎಕರೆಯಾಯಿತು, ನೂರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿತು. ಲಾಭವನ್ನು ಸದಸ್ಯರು ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ಕಿತ್ತ ಲೆಟ್ಯೂಸ್ ಎದುರಿನ ವಠಾರದವರ ಮಧ್ಯಾಹ್ನದ ತಟ್ಟೆಗೆ ಹೋಗುತ್ತದೆ. ದಾರಿಯಲ್ಲಿ ಒಂದು ತೊಟ್ಟು ಡೀಸೆಲ್ ಸುಡಬೇಕಿಲ್ಲ.

ಕಸುಬುಗಳ ಪಟ್ಟಿ ನೋಡಿದರೆ ನಮ್ಮ ತಾಲೂಕು ಕೇಂದ್ರದ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿದಂತಾಗುತ್ತದೆ. ಸೈಕಲ್ ಪಂಕ್ಚರ್ ಹಾಕುವವನು, ಸೈಕಲ್ ನಿಲ್ಲಿಸಿಕೊಂಡು ಕಾಸು ಪಡೆಯುವವನು, ಚಪ್ಪಲಿ ಹೊಲಿಯುವವನು, ಕೊಡೆ ರಿಪೇರಿಯವನು. ಎಸೆಯಬೇಕಾದ ಪ್ಲಾಸ್ಟಿಕ್ ಲೈಟರಿಗೆ ತೂತು ಕೊರೆದು ಗ್ಯಾಸು ತುಂಬಿಕೊಡುವುದೂ ಒಂದು ಕಸುಬು! ಮನೆಯ ನಡುಮನೆಯಲ್ಲೇ ನಾಲ್ಕು ಮೇಜು ಹಾಕಿ ಊಟ ಬಡಿಸುವ ಖಾನಾವಳಿಗಳು ಹುಟ್ಟಿದವು. ಅವಕ್ಕೆ 'ಪಲದಾರ್' ಎಂಬ ಹೆಸರು ಬಂದದ್ದು ಆಗ ಟೀವಿಯಲ್ಲಿ ಬರುತ್ತಿದ್ದ ಬ್ರೆಜಿಲಿನ ಧಾರಾವಾಹಿಯೊಂದರ ನಾಯಕಿಯ ಹೋಟೆಲಿನಿಂದ. 1995ರಲ್ಲಿ ಇವಕ್ಕೆ ಅನುಮತಿ ಸಿಕ್ಕಾಗ 12 ಕುರ್ಚಿ ಮೀರುವಂತಿಲ್ಲ ಎಂಬ ಷರತ್ತಿತ್ತು. ಹದಿಮೂರನೆಯ ಗಿರಾಕಿ ಬಂದರೆ ನಿಂತುಕೊಂಡೇ ಉಣ್ಣಬೇಕಿತ್ತೋ ಏನೋ.

ಇದೇ ಪೆಟ್ಟು ಇನ್ನೊಂದು ದೇಶಕ್ಕೂ ಇದೇ ವರ್ಷಗಳಲ್ಲಿ ಬಿದ್ದಿತ್ತು. ಉತ್ತರ ಕೊರಿಯಾ. ಅಲ್ಲೂ ಅಗ್ಗದ ಸೋವಿಯತ್ ಎಣ್ಣೆ ನಿಂತಿತು, ಗೊಬ್ಬರದ ಕಾರ್ಖಾನೆ ನಿಂತಿತು, ನೀರೆತ್ತುವ ಪಂಪುಗಳು ನಿಂತವು. ನಂತರ ನೆರೆಯೂ ಬಂತು. ಚಳಿಯ, ಗುಡ್ಡಗಾಡಿನ ದೇಶ. ತೊಂಬತ್ತರ ದಶಕದ ನಡುವೆ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹಸಿದವರು ಕೊನೆಗೆ ಸರ್ಕಾರದ ಕಣ್ಣು ತಪ್ಪಿಸಿ ತಾವೇ ಸಂತೆ ಹೂಡಿಕೊಂಡರು, ಆದರೆ ಆ ಹೊತ್ತಿಗೆ ಬಹಳ ತಡವಾಗಿತ್ತು. ಎರಡೂ ದೇಶಗಳಲ್ಲಿ ಎಣ್ಣೆಯ ಕೊರತೆ ಒಂದೇ ಬಗೆಯದು. ಹವಾಮಾನ ಬೇರೆ, ಆಸ್ಪತ್ರೆಗಳು ಬೇರೆ, ಸಂತೆ ತೆರೆದ ಸಮಯ ಬೇರೆ.

ಇನ್ನು ಕ್ಯೂಬಾದ ಮಡಿಗಳಿಂದ ಏನಾಗಲಿಲ್ಲ ಎಂಬುದನ್ನೂ ಹೇಳಬೇಕು. ಸೊಪ್ಪು, ಟೊಮೆಟೊ, ಮೂಲಂಗಿ ಮಡಿಯಲ್ಲಿ ಬಂತು. ಅಕ್ಕಿ ಬರಲಿಲ್ಲ. ಗೋಧಿ ಆ ಹವೆಗೆ ಒಗ್ಗುವ ಬೆಳೆಯೇ ಅಲ್ಲ. ಅಡಿಗೆ ಎಣ್ಣೆ, ಹಾಲಿನ ಪುಡಿ, ಕೋಳಿ ಹಡಗಿನಲ್ಲೇ ಬರಬೇಕಾಯಿತು. ಸೊಪ್ಪಿನಲ್ಲಿ ವಿಟಮಿನ್ ಉಂಟು, ಖನಿಜ ಉಂಟು, ಆದರೆ ಹೊಟ್ಟೆ ತುಂಬಿಸುವ ಕ್ಯಾಲೊರಿ ಕಡಿಮೆ. ಒಂದು ಕಿಲೋ ಅಕ್ಕಿಯಲ್ಲಿ ಸುಮಾರು 3,500 ಕ್ಯಾಲೊರಿ ಇದ್ದರೆ ಒಂದು ಕಿಲೋ ಲೆಟ್ಯೂಸಿನಲ್ಲಿ ಇನ್ನೂರೂ ಇಲ್ಲ. ಹತ್ತಿರದ ತೋಟ ಪೂರೈಸುವುದು ತಟ್ಟೆಯ ಬದಿಯನ್ನು, ತಟ್ಟೆಯ ನಡುವನ್ನಲ್ಲ. ಸ್ಥಳೀಯ, ಸ್ವದೇಶಿ ಎಂದು ಮಾತಾಡುವ ನಮ್ಮ ಗೆಳೆಯರು ಈ ಲೆಕ್ಕವನ್ನು ಹಾಕುವುದು ಕಡಿಮೆ.

2000ದಲ್ಲಿ ವೆನೆಜುವೆಲಾದೊಂದಿಗೆ ಒಪ್ಪಂದವಾಗಿ ದಿನಕ್ಕೆ 53,000 ಪೀಪಾಯಿ ಎಣ್ಣೆ ಬರತೊಡಗಿತು, ಮುಂದೆ ಇನ್ನೂ ಹೆಚ್ಚು. ಬದಲಿಗೆ ಕ್ಯೂಬಾ ತನ್ನ ವೈದ್ಯರನ್ನು ಕಳಿಸಿತು. ಸಕ್ಕರೆಯ ಜಾಗಕ್ಕೆ ವೈದ್ಯರು, ಮಾಸ್ಕೋದ ಜಾಗಕ್ಕೆ ಕರಾಕಸ್, ಅಷ್ಟೇ ವ್ಯತ್ಯಾಸ. ಎಣ್ಣೆ ಬಂದದ್ದೇ ತಡ ಹವಾನಾದ ಬೀದಿಗಳಿಂದ ಸೈಕಲ್ಲುಗಳು ಮರೆಯಾದವು. 'ಒಂಟೆ'ಗಳನ್ನು 2008ರಲ್ಲಿ ಹವಾನಾದಿಂದ ಹಿಂತೆಗೆದರು, ಅವಕ್ಕಾಗಿ ಅತ್ತವರು ಯಾರೂ ಇರಲಿಕ್ಕಿಲ್ಲ. ಸೊಪ್ಪಿನ ಮಡಿಗಳು ಮಾತ್ರ ಉಳಿದವು. ತಾಜಾ ಸೊಪ್ಪು ಲಾರಿ ಹತ್ತಿ ಬಂದ ಸೊಪ್ಪಿಗಿಂತ ರುಚಿ ಎಂಬುದು ಎಣ್ಣೆಯ ಬೆಲೆಯನ್ನು ನೆಚ್ಚಿಕೊಂಡ ಸಂಗತಿಯಲ್ಲವಲ್ಲ.

ಸಕ್ಕರೆಯ ಗತಿ ಕೇಳಿ. 2002ರಲ್ಲಿ 156 ಕಾರ್ಖಾನೆಗಳಲ್ಲಿ ಸುಮಾರು ಅರ್ಧವನ್ನು ಮುಚ್ಚಲು ನಿರ್ಧರಿಸಿದರು. 2022ರ ಹಂಗಾಮಿನಲ್ಲಿ ಇಡೀ ದೇಶದ ಸಕ್ಕರೆ 5 ಲಕ್ಷ ಟನ್ನನ್ನೂ ಮುಟ್ಟಲಿಲ್ಲ. ವಿದ್ಯುತ್ತಿನ ಗತಿಯೂ ಅಷ್ಟೆ. ತೊಂಬತ್ತರ ದಶಕದಲ್ಲಿ ಆಮದಿನ ಎಣ್ಣೆಯ ಬದಲು ತಮ್ಮಲ್ಲೇ ಸಿಗುವ ಗಟ್ಟಿಯಾದ ಕಚ್ಚಾ ತೈಲವನ್ನು ಬಾಯ್ಲರುಗಳಿಗೆ ಉಣಿಸಿದರು. ಅದು ಸ್ಥಳೀಯ ವಸ್ತುವೇ, ಆದರೆ ಅದರಲ್ಲಿ ಗಂಧಕ ವಿಪರೀತ. ಗಂಧಕ ಉರಿದು ಹುಟ್ಟುವ ಅನಿಲ ನೀರಾವಿಯೊಂದಿಗೆ ಸೇರಿದರೆ ಆಮ್ಲ, ಆಮ್ಲ ಲೋಹವನ್ನು ತಿನ್ನುತ್ತದೆ, ಇದು ಹೈಸ್ಕೂಲಿನ ಪಾಠ. ರಿಪೇರಿಗೆ ದುಡ್ಡೂ ಇಲ್ಲ, ವೆನೆಜುವೆಲಾದ ಎಣ್ಣೆಯೂ ಇಳಿಯುತ್ತ ಬಂತು. 2024ರ ಅಕ್ಟೋಬರ್ 18ರಂದು ಅಂತೋನಿಯೊ ಗಿತೆರಾಸ್ ಎಂಬ ಒಂದು ವಿದ್ಯುತ್ ಸ್ಥಾವರ ನಿಂತದ್ದೇ ಇಡೀ ದ್ವೀಪ ಕತ್ತಲಾಯಿತು.

ಈ ಪಾಠವನ್ನು ಒಂಬತ್ತನೆಯ ತರಗತಿಯಲ್ಲಿ ಮಾಡಿದ ಮೇಲೆ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ಭಾನುವಾರದ ಸಂತೆಗೆ ಹೋಗಿ ಯಾವ ಸಾಮಾನು ಎಲ್ಲಿಂದ ಬಂತು ಎಂದು ಕೇಳಿ ಬರೆದು ತನ್ನಿ ಎಂದೆ. ಪಟ್ಟಿಗಳು ಬಂದವು. ಟೊಮೆಟೊ ಕೋಲಾರದ್ದು, ಆಲೂಗಡ್ಡೆ ಹಾಸನದ್ದು, ತೊಗರಿಬೇಳೆ ಕಲಬುರಗಿಯದು, ಬೆಳ್ಳುಳ್ಳಿ ಮಧ್ಯಪ್ರದೇಶದ್ದು. ಅಂಗಡಿಯ ಪಾಮ್ ಎಣ್ಣೆ ಇಂಡೋನೇಷ್ಯಾದ್ದು. ಎಣ್ಣೆಗೆ ಹಡಗು ಕಾಯುವುದು ಕ್ಯೂಬಾದವರು ಮಾತ್ರವಲ್ಲ ಎಂದು ಮಕ್ಕಳು ನಕ್ಕರು. ಹೀರೆಕಾಯಿ, ಬದನೆ, ಸೊಪ್ಪುಗಳ ಎದುರಿಗೆ ಎಲ್ಲರೂ 'ನಮ್ಮೂರು' ಎಂದು ಬರೆದಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಸೊಪ್ಪಿನ ಎದುರು ಬೇರೆ ಊರಿನ ಹೆಸರು ಬರೆದು ಪಕ್ಕದಲ್ಲಿ '14 ಕಿಲೋಮೀಟರ್' ಎಂದು ಸೇರಿಸಿದ್ದಳು. ಇದೇನಮ್ಮ ಎಂದು ಕೇಳಿದರೆ, "ಸಾರ್, ಸೊಪ್ಪಿನಜ್ಜಿಯನ್ನೇ ಕೇಳಿದೆ. ಮೊದಲು ತಲೆ ಮೇಲೆ ಹೊತ್ಕೊಂಡು ಈ ಊರಿನ ಕೆರೆ ಹಿಂದಿನಿಂದ ಬರ್ತಿದ್ರಂತೆ. ಈಗ ಅಲ್ಲೆಲ್ಲ ಸೈಟಾಗಿದೆ. ಬೆಳಿಗ್ಗೆ ಐದಕ್ಕೆ ಟೆಂಪೋದಲ್ಲಿ ಬರ್ತಾರಂತೆ, ಒಂದು ಮೂಟೆಗೆ ನಲವತ್ತು ರೂಪಾಯಿ" ಎಂದಳು.